ಡಿಗ್ರಿ ಮೊದಲ ವರ್ಷಕ್ಕೆ ಸೈಕಾಲಜಿ ತಗೊಳ್ಳಲಾ? ದಾವಣಗೆರೆ–ಚಿತ್ರದುರ್ಗದ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಅಡ್ಮಿಷನ್ ಶುರುವಾಯಿತೆಂದರೆ ನನ್ನ ಮೇಜಿನ ಮುಂದೆ ಇವೇ ಪ್ರಶ್ನೆಗಳು. ಜಗಳೂರಿನಿಂದ ಬಂದ ಹುಡುಗಿ, ಹೊಳಲ್ಕೆರೆಯಿಂದ ಬಂದ ಅಪ್ಪ-ಮಗ, ಫಾರ್ಮ್ ಹಿಡಿದುಕೊಂಡು ಒಬ್ಬಳೇ ನಿಂತ ಚಳ್ಳಕೆರೆ ಕಡೆಯವಳು. ಹಿಂದೆ ಸಾಲು ಬೆಳೆದಿರುತ್ತದೆ, ಎಲ್ಲರಿಗೂ ಸಮಾಧಾನವಾಗಿ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೇ ಕೂತು ಬರೆದಿದ್ದೇನೆ. ನಾನು ದಾವಣಗೆರೆಯ ಡಿಗ್ರಿ ಕಾಲೇಜೊಂದರಲ್ಲಿ ಮೊದಲ ವರ್ಷದವರಿಗೆ ಮನೋವಿಜ್ಞಾನ ಪಾಠ ಮಾಡುತ್ತೇನೆ. ಊರು ಚಿತ್ರದುರ್ಗದ ಕಡೆ, ಪಿಯುಸಿವರೆಗೂ ಕನ್ನಡ ಮಾಧ್ಯಮದಲ್ಲೇ ಓದಿದವಳು.

ಸೈಕಾಲಜಿ ಓದಿದರೆ ಎದುರಿಗೆ ಕೂತವರ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಾಗುತ್ತಾ ಮೇಡಂ?

ಗೊತ್ತಾಗುವುದಿಲ್ಲ. ಮುಖ ನೋಡಿ ಮನಸ್ಸು ಹೇಳುವ ವಿದ್ಯೆ ನಮ್ಮ ಸಿಲೆಬಸ್‌ನಲ್ಲಿ ಎಲ್ಲೂ ಇಲ್ಲ. ಇಲ್ಲಿ ಕಲಿಯುವುದು ಇದಕ್ಕೆ ಹೆಚ್ಚುಕಡಿಮೆ ತಿರುಗಾಮುರುಗಾ. ಇನ್ನೊಬ್ಬರ ಬಗ್ಗೆ, ನಮ್ಮ ಬಗ್ಗೆಯೂ, ನಾವು ಎಷ್ಟು ಬೇಗ ತೀರ್ಪು ಕೊಟ್ಟುಬಿಡುತ್ತೇವೆ, ಆ ತೀರ್ಪು ಎಷ್ಟು ಸಲ ತಪ್ಪಾಗಿರುತ್ತದೆ ಎನ್ನುವುದನ್ನು ಲೆಕ್ಕ ಇಟ್ಟು ನೋಡುವುದು. "ಅವನು ಹುಟ್ಟಿನಿಂದಲೇ ದಡ್ಡ", "ಹೆಣ್ಣುಮಕ್ಕಳಿಗೆ ಲೆಕ್ಕ ಹತ್ತಲ್ಲ" ಎಂಬ ಮಾತುಗಳನ್ನು ಕಟ್ಟೆ ಮೇಲೆ ಕೂತವರು ಹೇಳಿ ಎದ್ದುಹೋಗುತ್ತಾರೆ. ಸೈಕಾಲಜಿ ಕ್ಲಾಸಿನಲ್ಲಿ ಅದೇ ಮಾತು ಆಡಿದರೆ ನಾನು ಕೇಳುವುದು ಒಂದೇ: ಯಾರನ್ನು ನೋಡಿದೆ, ಎಷ್ಟು ಜನರನ್ನು ನೋಡಿದೆ, ಹೇಗೆ ಅಳೆದೆ?

ಹಾಗಾದರೆ ಮೊದಲ ವರ್ಷ ಏನೇನು ಪಾಠ ಇರುತ್ತವೆ?

ವಿಷಯದ ಇತಿಹಾಸ ಮತ್ತು ವಿಧಾನಗಳು, ಮಿದುಳು ಮತ್ತು ನರಮಂಡಲ, ಸಂವೇದನೆ ಮತ್ತು ಗ್ರಹಿಕೆ, ಅವಧಾನ, ಕಲಿಕೆ, ಸ್ಮೃತಿ, ಅಭಿಪ್ರೇರಣೆ, ಸಂವೇಗ, ಬುದ್ಧಿಶಕ್ತಿ, ವ್ಯಕ್ತಿತ್ವ. ಜೊತೆಗೆ ಒಂದಿಷ್ಟು ಸಂಖ್ಯಾಶಾಸ್ತ್ರ, ಪ್ರಾಕ್ಟಿಕಲ್. ಘಟಕಗಳ ಹೆಸರು, ಕ್ರಮ ಆಗಾಗ ಬದಲಾದರೂ ಹೂರಣ ಇದೇ. ಎರಡೂ ಜಿಲ್ಲೆಗಳ ಡಿಗ್ರಿ ಕಾಲೇಜುಗಳು 2009ರಲ್ಲಿ ಶುರುವಾದ ದಾವಣಗೆರೆ ವಿಶ್ವವಿದ್ಯಾಲಯದ ಕೆಳಗೆ ಬರುವುದರಿಂದ ಚಿತ್ರದುರ್ಗದಲ್ಲಿ ಸೇರಿದರೂ ದಾವಣಗೆರೆಯಲ್ಲಿ ಸೇರಿದರೂ ಸಿಲೆಬಸ್ ಒಂದೇ. 2024–25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ ಬಂದಿದೆ. ಅದಕ್ಕೆ ಮುಂಚೆ ಸೇರಿದ ಅಕ್ಕ-ಅಣ್ಣಂದಿರ ಹಳೇ ನೋಟ್ಸ್ ಸಿಕ್ಕರೆ, ಸಿಲೆಬಸ್ ಪಕ್ಕದಲ್ಲಿಟ್ಟು ತಾಳೆ ನೋಡಿಕೊಂಡು ಓದಿ.

ಮಾನಸಿಕ ಕಾಯಿಲೆಗಳ ಬಗ್ಗೆ ಮೊದಲ ವರ್ಷ ಅಷ್ಟಾಗಿ ಬರುವುದಿಲ್ಲ. ಅದನ್ನೇ ನಿರೀಕ್ಷಿಸಿ ಬಂದವರಿಗೆ ಮೊದಲ ತಿಂಗಳು ಬೇಜಾರಾಗುತ್ತದೆ. "ಏನ್ ಮೇಡಂ, ಬರೀ ನರಕೋಶ, ಕಣ್ಣು, ಕಿವಿ ಅಂತೀರಲ್ಲ" ಅಂತ ಕೇಳುತ್ತಾರೆ. ಸ್ವಲ್ಪ ತಡೆಯಿರಿ. ಕಣ್ಣು ಏನು ನೋಡುತ್ತದೆ, ಅದರಲ್ಲಿ ಮಿದುಳು ತಾನು ಎಷ್ಟು ಸೇರಿಸುತ್ತದೆ ಎನ್ನುವುದು ಒಮ್ಮೆ ಹಿಡಿತಕ್ಕೆ ಬಂದರೆ ಉಳಿದ ಪಾಠಗಳಿಗೆ ದಾರಿ ತಾನಾಗಿ ಸಿಗುತ್ತದೆ.

ನಂದು ಪೂರ್ತಿ ಕನ್ನಡ ಮಾಧ್ಯಮ. ಇಂಗ್ಲಿಷ್ ಪುಸ್ತಕ ನೋಡಿದರೇ ಭಯ. ಆಗುತ್ತಾ?

ಆಗುತ್ತದೆ. ಈ ಭಯ ನನಗೂ ಇತ್ತು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲ ಮಾತು, ಈ ವಿಷಯಕ್ಕೆ ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಪ್ರಚೋದನೆ, ಪ್ರತಿಕ್ರಿಯೆ, ಪುನರ್ಬಲನ, ಅನುಬಂಧನ, ಪ್ರಾಕ್ಕಲ್ಪನೆ ಎಲ್ಲ ಬಿ.ಎಡ್. ಪುಸ್ತಕಗಳಲ್ಲಿ ಎಷ್ಟೋ ವರ್ಷಗಳಿಂದ ಬಳಕೆಯಲ್ಲಿವೆ. ಕೆಲವು ಪದಗಳಂತೂ ಇಂಗ್ಲಿಷಿಗಿಂತ ಹೆಚ್ಚು ಬೆಳಕು ಕೊಡುತ್ತವೆ. ಅಟೆನ್ಷನ್‌ಗೆ ನಮ್ಮಲ್ಲಿ 'ಅವಧಾನ' ಅನ್ನುತ್ತೇವೆ. ಅಷ್ಟಾವಧಾನ ನೋಡಿದವರಿಗೆ ಅದರರ್ಥ ಬೇರೆ ಹೇಳಬೇಕಿಲ್ಲ. ಎಂಟು ಜನ ಎಂಟು ದಿಕ್ಕಿನಿಂದ ಪ್ರಶ್ನೆ ಎಸೆಯುತ್ತಾರೆ, ನಡುವೆ ಒಬ್ಬರು ಗಂಟೆ ಬಾರಿಸುತ್ತಾರೆ, ಇನ್ನೊಬ್ಬರು ಬೇಕಂತಲೇ ಅಡ್ಡ ಮಾತು ತೆಗೆಯುತ್ತಾರೆ. ಗಮನವನ್ನು ಹಂಚುವುದು, ಹೊರಳಿಸುವುದು, ಅಡ್ಡಿಯನ್ನು ತಡೆಯುವುದು ಮೂರೂ ಒಂದೇ ವೇದಿಕೆ ಮೇಲೆ ಕಾಣುತ್ತವೆ. ಪಠ್ಯದ ಅವಧಾನ ಅಧ್ಯಾಯದಲ್ಲಿರುವುದೂ ಇವೇ.

ಎರಡನೇ ಮಾತು, ಇಂಗ್ಲಿಷ್ ಪದವನ್ನು ಪಕ್ಕಕ್ಕೆ ತಳ್ಳಬೇಡಿ. ಮುಂದೆ ಎಂ.ಎ., ಎಂ.ಎಸ್ಸಿ.ಗೆ ಹೋದಾಗ ಬೇಕೇ ಬೇಕಾಗುತ್ತದೆ. ನಾನು ಮಾಡಿದ್ದು ಹೀಗೆ: 200 ಪುಟದ ನೋಟ್‌ಬುಕ್‌ನಲ್ಲಿ ಪ್ರತಿ ಪುಟವನ್ನು ಮೂರು ಭಾಗ ಮಾಡಿಕೊಂಡೆ. ಎಡಕ್ಕೆ ಇಂಗ್ಲಿಷ್ ಪದ, ನಡುವೆ ಕನ್ನಡ ಪದ, ಬಲಕ್ಕೆ ನಮ್ಮ ಮನೆಯದೋ ನಮ್ಮ ಓಣಿಯದೋ ಒಂದು ಉದಾಹರಣೆ. ಮೂರನೇ ಭಾಗ ಖಾಲಿ ಉಳಿಯಿತೆಂದರೆ ಆ ಪದ ನನಗೆ ಅರ್ಥವಾಗಿಲ್ಲ ಎಂದೇ ಲೆಕ್ಕ. ಕ್ಲಾಸಿಕಲ್ ಕಂಡೀಷನಿಂಗ್, ಶಾಸ್ತ್ರೀಯ ಅನುಬಂಧನ ಎಂದು ಬರೆದ ಸಾಲಿನ ಮುಂದೆ ಆವತ್ತು ಬರೆದದ್ದು 'ಹುಣಸೆಹಣ್ಣು' ಅಂತ. ಹುಣಸೆಹಣ್ಣು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಬಾಯಲ್ಲಿ ನೀರೂರುತ್ತದೆ. ಅದನ್ನು ಒಮ್ಮೆಯೂ ತಿನ್ನದವರಿಗೆ ಅದೇ ಶಬ್ದ ಬರೀ ಶಬ್ದ. ಪಾವ್ಲೋವ್‌ನ ನಾಯಿಗೆ ಆದದ್ದೂ ಇದೇ. ರಷ್ಯಾದ ಪಾವ್ಲೋವ್ ಮನೋವಿಜ್ಞಾನಿಯಲ್ಲ, ಜೀರ್ಣಕ್ರಿಯೆಯ ಅಧ್ಯಯನಕ್ಕೆ 1904ರಲ್ಲಿ ನೊಬೆಲ್ ಪಡೆದವನು. ಊಟ ಬಾಯಿಗೆ ಬೀಳುವ ಮೊದಲೇ, ತಂದುಕೊಡುವವನ ಸುಳಿವಿಗೇ ನಾಯಿ ಜೊಲ್ಲು ಸುರಿಸುವುದನ್ನು ಕಂಡು ಅದರ ಬೆನ್ನುಹತ್ತಿದ.

ಪಿಯುಸಿಯಲ್ಲಿ ಸೈಕಾಲಜಿ ಇರಲಿಲ್ಲ. ತೊಂದರೆಯಾಗುತ್ತಾ?

ಇಲ್ಲ. ನಮ್ಮ ಕ್ಲಾಸಿನಲ್ಲಿ ಹೆಚ್ಚಿನವರು ಹಾಗೇ ಬರುವುದು. ನಾವು ಅಆಇಈಯಿಂದಲೇ ಶುರು ಮಾಡುತ್ತೇವೆ.

ಲೆಕ್ಕ ಇರುತ್ತಂತೆ, ನಿಜವಾ?

ನಿಜ. ಸರಾಸರಿ, ಮಧ್ಯಾಂಕ, ಮಾನಕ ವಿಚಲನೆ, ಸಹಸಂಬಂಧ ಇಷ್ಟರ ಮಟ್ಟಿಗೆ. ಹತ್ತನೇ ತರಗತಿ ಲೆಕ್ಕ ಬಂದರೆ ಧಾರಾಳವಾಯಿತು. ಸೂತ್ರ ಬಾಯಿಪಾಠ ಮಾಡುವ ಮೊದಲು ಅದು ಏನು ಹೇಳುತ್ತಿದೆ ಅಂತ ನೋಡಿ.

ಇಬ್ಬರು ರೈತರ ಮೆಕ್ಕೆಜೋಳದ ಲೆಕ್ಕ ತೆಗೆದುಕೊಳ್ಳಿ. ಐದು ವರ್ಷದಲ್ಲಿ ಒಬ್ಬರಿಗೆ ಎಕರೆಗೆ 20, 18, 22, 19, 21 ಕ್ವಿಂಟಲ್ ಬಂತು. ಇನ್ನೊಬ್ಬರಿಗೆ 35, 5, 30, 8, 22. ಕೂಡಿಸಿ ಭಾಗಿಸಿ, ಇಬ್ಬರದೂ ಸರಾಸರಿ 20. ಆದರೆ ಎರಡನೆಯವರ ಮನೆಯಲ್ಲಿ 5 ಕ್ವಿಂಟಲ್ ಬಂದ ವರ್ಷ ಹೇಗಿದ್ದಿರಬಹುದು? ಆ ಏರಿಳಿತವನ್ನು ಅಳೆಯುವುದೇ ಮಾನಕ ವಿಚಲನೆ. ಇದನ್ನು ಹಲಗೆ ಮೇಲೆ ಬರೆದ ದಿನ, ಹೊಲದ ಮನೆಯಿಂದ ಬಂದ ಮಕ್ಕಳು ನನಗಿಂತ ಚೆನ್ನಾಗಿ ವಿವರಿಸುತ್ತಾರೆ.

ಸಹಸಂಬಂಧ ಅಂದರೆ ಎರಡು ಸಂಗತಿಗಳು ಎಷ್ಟರ ಮಟ್ಟಿಗೆ ಜೊತೆಜೊತೆಗೆ ಏರಿಳಿಯುತ್ತವೆ ಎನ್ನುವ ಅಳತೆ. ಇದರಲ್ಲಿ ಒಂದು ಎಚ್ಚರಿಕೆ ಬೇಕು. ಬೇಸಿಗೆ ಬಂದಾಗ ಊರಲ್ಲಿ ಕಬ್ಬಿನ ಹಾಲಿನ ಗಾಡಿಗಳು ಹೆಚ್ಚುತ್ತವೆ, ಬೋರ್‌ವೆಲ್ ಬತ್ತುವುದೂ ಹೆಚ್ಚುತ್ತದೆ. ಎರಡೂ ಜೊತೆಜೊತೆಗೇ ಏರುತ್ತವೆ. ಕಬ್ಬಿನ ಹಾಲು ಕುಡಿದದ್ದಕ್ಕೆ ಬೋರ್ ಬತ್ತಿತು ಅಂತ ಯಾರೂ ಹೇಳುವುದಿಲ್ಲ. ಆದರೆ "ಮೊಬೈಲ್ ನೋಡುವ ಮಕ್ಕಳಿಗೆ ಮಾರ್ಕ್ಸ್ ಕಡಿಮೆ, ಆದ್ದರಿಂದ ಮೊಬೈಲೇ ಕಾರಣ" ಅಂತ ಯಾರಾದರೂ ಅಂದರೆ ತಲೆಯಾಡಿಸಿಬಿಡುತ್ತೇವೆ. ಓದು ಹತ್ತದ ಮಗುವೇ ಮೊಬೈಲ್ ಕಡೆ ಹೋಗಿರಬಹುದು. ಮನೆಯಲ್ಲಿ ಕೇಳುವವರಿಲ್ಲದೆ ಎರಡೂ ಆಗಿರಬಹುದು.

ಪ್ರಾಕ್ಟಿಕಲ್ ಅಂದರೆ ಏನು ಮಾಡಿಸುತ್ತಾರೆ? ಬರೀ ರೆಕಾರ್ಡ್ ಬರೆದರೆ ಸಾಲದಾ?

ಸಾಲದು. ನಾನು ಓದಿದ ಕಾಲೇಜಿನಲ್ಲಿ ಉಪಕರಣಗಳು ಬೀರುವಿನೊಳಗೇ ಇದ್ದವು, ಬೀಗದ ಕೈ ಯಾರ ಹತ್ತಿರ ಇತ್ತೋ ಕೊನೆವರೆಗೂ ತಿಳಿಯಲಿಲ್ಲ. ಸೀನಿಯರ್ ರೆಕಾರ್ಡಿನಿಂದ ಅಂಕಿಗಳನ್ನು ಇಳಿಸಿಕೊಂಡೆವು, ಹೆಸರು, ವಯಸ್ಸು ಅಷ್ಟೇ ಬದಲಿಸಿದೆವು. ಎಕ್ಸ್‌ಟರ್ನಲ್ ಬಂದು ವೈವಾದಲ್ಲಿ "ಕನ್ನಡಿಯಲ್ಲಿ ನೋಡಿ ಬರೆಯುವಾಗ ನಿಮ್ಮ ಕೈ ಯಾವ ಕಡೆ ಎಳೆಯಿತು?" ಅಂತ ಕೇಳಿದಾಗ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಆ ಸಂಕಟ ಇವತ್ತಿಗೂ ಇದೆ. ಅದಕ್ಕೇ ನನ್ನ ಕ್ಲಾಸಿನಲ್ಲಿ ಪ್ರಯೋಗ ಮಾಡದೆ ರೆಕಾರ್ಡಿಗೆ ಸಹಿ ಇಲ್ಲ.

ಆ ಪ್ರಯೋಗದ ಹೆಸರು ದರ್ಪಣ ಚಿತ್ರಣ, ಮಿರರ್ ಡ್ರಾಯಿಂಗ್. ಒಂದು ಹಲಗೆ, ಅದರ ಮೇಲೆ ಎರಡು ಗೆರೆಗಳಲ್ಲಿ ಅಚ್ಚು ಹಾಕಿದ ನಕ್ಷತ್ರದ ಹಾಳೆ, ಕೈ ಕಾಣದಂತೆ ಅಡ್ಡ ಒಂದು ತಗಡು, ಎದುರಿಗೆ ನಿಲ್ಲಿಸಿದ ಕನ್ನಡಿ. ಕನ್ನಡಿಯಲ್ಲಿ ಕಾಣುವ ನಕ್ಷತ್ರವನ್ನಷ್ಟೇ ನೋಡುತ್ತಾ ಎರಡು ಗೆರೆಗಳ ನಡುವೆ ಪೆನ್ಸಿಲ್ ಎಳೆಯಬೇಕು. ಗೆರೆ ದಾಟಿದರೆ ಒಂದು ತಪ್ಪು. ಜೊತೆಗಾರ್ತಿ ಸ್ಟಾಪ್‌ವಾಚ್ ಹಿಡಿದು ಸಮಯ ಬರೆಯುತ್ತಾಳೆ.

ಕಳೆದ ವರ್ಷ ಚಳ್ಳಕೆರೆ ಕಡೆಯ ಹುಡುಗಿಯೊಬ್ಬಳು ಕೂತಳು. ರಂಗೋಲಿಯಲ್ಲಿ ಎತ್ತಿದ ಕೈ, ಚುಕ್ಕಿ ಇಡದೆಯೇ ನಕ್ಷತ್ರ ಬಿಡಿಸಬಲ್ಲಳು. ಮೊದಲ ತಿರುವಿನಲ್ಲೇ ಪೆನ್ಸಿಲ್ ನಿಂತುಬಿಟ್ಟಿತು. ಮೇಲಕ್ಕೆ ಹೋಗಬೇಕೆಂದು ತಳ್ಳುತ್ತಾಳೆ, ಕನ್ನಡಿಯಲ್ಲಿ ಕೆಳಕ್ಕೆ ಬರುತ್ತದೆ. ಮಣಿಕಟ್ಟು ಬಿಗಿಯಿತು, ತುಟಿ ಕಚ್ಚಿಕೊಂಡಳು, ಒಂದೇ ಮೂಲೆಯಲ್ಲಿ ಕರಿ ಗೀಚುಗಳ ಗೂಡಾಯಿತು. "ನನ್ನ ಕೈ ನನ್ನ ಮಾತೇ ಕೇಳ್ತಿಲ್ಲ ಮೇಡಂ" ಅಂದಳು. ನಾಲ್ಕನೇ ಸಲಕ್ಕೆ ಗೀಚು ಕಡಿಮೆಯಾದವು. ಎಂಟನೇ ಸಲ ಸರಾಗವಾಗಿ ಸುತ್ತು ಬಂದಳು. ಆಮೇಲೆ ಅಭ್ಯಾಸವೇ ಮಾಡದ ಎಡಗೈಯಲ್ಲಿ ಎಳೆಯಲು ಹೇಳಿದೆ. ಬಲಗೈಯ ಮೊದಲ ಸಲಕ್ಕಿಂತ ಎಡಗೈ ಚೆನ್ನಾಗಿ ಎಳೆಯಿತು. ಒಂದು ಕೈ ಕಲಿತದ್ದು ಇನ್ನೊಂದಕ್ಕೂ ಹೋಗಿತ್ತು. ಇದಕ್ಕೆ ಉಭಯಪಾರ್ಶ್ವ ವರ್ಗಾವಣೆ ಎನ್ನುತ್ತಾರೆ. ಹೆಸರು ಉದ್ದ, ಆದರೆ ಅವಳು ಅದನ್ನು ಇನ್ನು ಮರೆಯುವುದಿಲ್ಲ.

ಇದೇ ನಕ್ಷತ್ರಕ್ಕೆ ಇನ್ನೊಂದು ಕಥೆಯಿದೆ. ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ ಮೂರ್ಛೆರೋಗ ನಿಲ್ಲಿಸಲೆಂದು 1953ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿದರು. ಹಿಪೊಕ್ಯಾಂಪಸ್ ಭಾಗವನ್ನು ಎರಡೂ ಕಡೆ ತೆಗೆದಿದ್ದರು. ಆಮೇಲೆ ಆತನಿಗೆ ಹೊಸ ನೆನಪು ನಿಲ್ಲಲೇ ಇಲ್ಲ. ಈಗ ಮಾತಾಡಿಸಿ ಹೋದವರು ಸ್ವಲ್ಪ ಹೊತ್ತು ಬಿಟ್ಟು ಬಂದರೆ ಅಪರಿಚಿತರು. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಆತನಿಂದ ಮೂರು ದಿನ ಕನ್ನಡಿಯಲ್ಲಿ ನೋಡಿ ನಕ್ಷತ್ರ ಬರೆಸಿದರು. ದಿನದಿಂದ ದಿನಕ್ಕೆ ಕೈ ಪಳಗಿತು, ತಪ್ಪು ಇಳಿಯಿತು. ಆದರೆ ಹಿಂದೆ ಇದನ್ನು ಮಾಡಿದ್ದ ನೆನಪು ಮಾತ್ರ ಆತನಿಗೆ ಇರಲಿಲ್ಲ. 'ಏನು ನಡೆಯಿತು' ಎಂಬ ನೆನಪು ಬೇರೆ, 'ಹೇಗೆ ಮಾಡುವುದು' ಎಂಬ ಕೈನೆನಪು ಬೇರೆ ಎನ್ನುವುದು ಹೀಗೆ ತಿಳಿಯಿತು. ನಮ್ಮ ಲ್ಯಾಬಿನ ಹಲಗೆ, ಕನ್ನಡಿಗೆ ದೊಡ್ಡ ಬೆಲೆಯೇನಿಲ್ಲ. ಮಿದುಳು ವಿಜ್ಞಾನದ ಅಷ್ಟು ದೊಡ್ಡ ಸಂಗತಿ ಹೊರಬಂದದ್ದು ಇಂಥದೇ ಹಲಗೆಯಿಂದ. ಬೀರುವಿನ ಬೀಗ ತೆಗೆಸಿ ಅಂತ ನಾನು ಎಲ್ಲರ ಹತ್ತಿರವೂ ಹಟ ಹಿಡಿಯುವುದು ಇದಕ್ಕೇ. ನಿಮ್ಮ ಕಾಲೇಜಿನಲ್ಲೂ ಬೀಗ ಹಾಕಿದ್ದರೆ ನೀವೂ ಕೇಳಿ.

ಉಳಿದ ಪ್ರಯೋಗಗಳಲ್ಲಿ ಮುಲ್ಲರ್-ಲೈಯರ್ ಭ್ರಮೆ ಇರುತ್ತದೆ. ಒಂದೇ ಅಳತೆಯ ಎರಡು ಗೆರೆಗಳಿಗೆ ಬಾಣದ ತುದಿ ಒಳಮುಖ, ಹೊರಮುಖ ಹಾಕಿದರೆ ಒಂದು ಉದ್ದ ಕಾಣುತ್ತದೆ. ಸ್ಕೇಲ್ ಇಟ್ಟು ಅಳೆದ ಮೇಲೂ ಉದ್ದವೇ ಕಾಣುತ್ತದೆ. ಒಂದು ಬಣ್ಣದ ಹೆಸರನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆದಿರುವಾಗ ಶಾಯಿಯ ಬಣ್ಣ ಹೇಳುವ ಸ್ಟ್ರೂಪ್ ಪರೀಕ್ಷೆ, ಅವಧಾನದ ವ್ಯಾಪ್ತಿ, ಅರ್ಥವಿಲ್ಲದ ಅಕ್ಷರಗಳನ್ನು ನೆನಪಿಡುವುದು ಇತ್ಯಾದಿ. ಉಪಕರಣವೇ ಬೇಡದ್ದೂ ಒಂದಿದೆ. ಹುಣ್ಣಿಮೆ ಸಂಜೆ ಚಿತ್ರದುರ್ಗದ ಬಂಡೆಗುಡ್ಡಗಳ ಅಂಚಿನಿಂದ ಏಳುವ ಚಂದ್ರನನ್ನು ನೋಡಿ, ಎಷ್ಟು ದೊಡ್ಡದು! ಕೈ ನೀಟಾಗಿ ಚಾಚಿ ಕಿರುಬೆರಳಿನ ಉಗುರಿನಿಂದ ಮುಚ್ಚಿ. ರಾತ್ರಿ ನೆತ್ತಿಗೆ ಬಂದಾಗ ಮತ್ತೆ ಅದೇ ಉಗುರಿನಿಂದ ಮುಚ್ಚಿ. ಅಳತೆ ಬದಲಾಗಿರುವುದಿಲ್ಲ. ಆಗ ದೊಡ್ಡದಾಗಿ ಕಂಡದ್ದು ಮಿದುಳಿನ ಲೆಕ್ಕ.

"ನಾನೇ ಕಣ್ಣಾರೆ ನೋಡಿದ್ದೀನಿ" ಅಂದಮೇಲೂ ನಂಬಬಾರದಾ?

ಈ ಪ್ರಶ್ನೆ ಕೇಳಿದ ಬ್ಯಾಚಿನಲ್ಲೇ ಒಂದು ಪರೀಕ್ಷೆ ಮಾಡಿದೆ. ಪಾಠದ ನಡುವೆ ಎರಡನೇ ವರ್ಷದ ಹುಡುಗನೊಬ್ಬ ಒಳಗೆ ಬಂದು, ಮೇಜಿನ ಮೇಲಿದ್ದ ಹಾಜರಿ ಪುಸ್ತಕ ತೆಗೆದುಕೊಂಡು, ನನ್ನ ಹತ್ತಿರ ಎರಡು ಮಾತಾಡಿ ಹೋದ. ನಾನೇ ಹೇಳಿ ಕಳಿಸಿದ್ದೆ. ಅರ್ಧ ಗಂಟೆ ಬಿಟ್ಟು ಚೀಟಿ ಹಂಚಿದೆ. ಮೂರನೇ ಪ್ರಶ್ನೆ: "ಅವನು ತೊಟ್ಟಿದ್ದ ಕೆಂಪು ಶರ್ಟಿಗೆ ಎಷ್ಟು ಜೇಬುಗಳಿದ್ದವು?" ಅವನು ತೊಟ್ಟಿದ್ದು ನೀಲಿ ಟೀ-ಶರ್ಟ್, ಜೇಬೇ ಇರಲಿಲ್ಲ. ಬಹಳ ಜನ ಒಂದು ಅಂತ ಬರೆದರು, ಕೆಲವರು ಎರಡು. "ಶರ್ಟ್ ಕೆಂಪಗಿರಲಿಲ್ಲ ಮೇಡಂ" ಅಂತ ಬರೆದವರು ಮೂರೇ ಜನ. ಅವನನ್ನು ಮತ್ತೆ ಕರೆದು ನಿಲ್ಲಿಸಿದಾಗ ಕ್ಲಾಸಿಗೆ ಕ್ಲಾಸೇ ತಣ್ಣಗಾಯಿತು. ಒಬ್ಬಳಂತೂ ಅವನು ಬಟ್ಟೆ ಬದಲಿಸಿಕೊಂಡು ಬಂದಿದ್ದಾನೆಂದೇ ವಾದಿಸಿದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಪ್ರಶ್ನೆಯೊಳಗಿದ್ದ ಕೆಂಪು ಅವಳ ನೆನಪಿನೊಳಗೆ ಇಳಿದುಬಿಟ್ಟಿತ್ತು.

1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಚಿತ್ರ ತೋರಿಸಿ, ಕಾರುಗಳು ಎಷ್ಟು ವೇಗದಲ್ಲಿದ್ದವು ಅಂತ ಕೇಳಿದರು. ಬದಲಾಯಿಸಿದ್ದು ಪ್ರಶ್ನೆಯ ಒಂದೇ ಒಂದು ಕ್ರಿಯಾಪದ. "ಅಪ್ಪಳಿಸಿದಾಗ" ಎಂದು ಕೇಳಿಸಿಕೊಂಡವರು ಸರಾಸರಿ ಗಂಟೆಗೆ 41 ಮೈಲಿ ಹತ್ತಿರ ಹೇಳಿದರು, "ತಾಗಿದಾಗ" ಎಂದು ಕೇಳಿಸಿಕೊಂಡವರು 32ರ ಹತ್ತಿರ. ಇನ್ನೊಂದು ಗುಂಪಿನ ಜೊತೆ ಹೀಗೇ ಮಾಡಿ, ಒಂದು ವಾರ ಬಿಟ್ಟು "ಒಡೆದ ಗಾಜು ನೋಡಿದಿರಾ?" ಎಂದು ಕೇಳಿದಾಗ "ಅಪ್ಪಳಿಸಿದ" ಪ್ರಶ್ನೆ ಕೇಳಿದವರಲ್ಲಿ 50ಕ್ಕೆ 16 ಜನ ಹೌದು ಅಂದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಕಾನೂನು ಓದುವ ಆಸೆಯಿರುವವರು, ಪೊಲೀಸ್ ಪರೀಕ್ಷೆಗೆ ಕೂರುವವರು ಈ ಪಾಠವನ್ನು ಮನಸ್ಸಿಟ್ಟು ಓದಿ. ಠಾಣೆಯಲ್ಲಿ ಕೇಳುವ ಒಂದು ಪ್ರಶ್ನೆಯ ಪದ ಯಾರದೋ ಬದುಕನ್ನು ಆಚೀಚೆ ಮಾಡಬಲ್ಲದು.

ಪರೀಕ್ಷೆಯಲ್ಲಿ ಎಲ್ಲರೂ ತಪ್ಪುವ ಪ್ರಶ್ನೆ ಯಾವುದು?

ಋಣಾತ್ಮಕ ಪುನರ್ಬಲನ, ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್. ಹತ್ತರಲ್ಲಿ ಏಳೆಂಟು ಉತ್ತರಪತ್ರಿಕೆಗಳಲ್ಲಿ 'ಶಿಕ್ಷೆ' ಅಂತ ಬರೆದಿರುತ್ತಾರೆ. 'ಪುನರ್ಬಲನ' ಅಂದಮೇಲೆ ಆ ವರ್ತನೆ ಹೆಚ್ಚಾಗಲೇಬೇಕು. ತಲೆನೋವಿಗೆ ಮಾತ್ರೆ ನುಂಗಿದಿರಿ, ನೋವು ಹೋಯಿತು. ಮುಂದಿನ ಸಲ ನೋವು ಬಂದ ಕೂಡಲೇ ಮಾತ್ರೆ ಹುಡುಕುತ್ತೀರಿ. ಬೇಡದ್ದೊಂದು ತೊಲಗಿತು, ನುಂಗುವ ವರ್ತನೆ ಹೆಚ್ಚಿತು. ಅದು ಋಣಾತ್ಮಕ ಪುನರ್ಬಲನ. ಶಿಕ್ಷೆಯಲ್ಲಿ ವರ್ತನೆ ಕಡಿಮೆಯಾಗುತ್ತದೆ. 'ಋಣ' ಅಂದರೆ ಕೆಟ್ಟದ್ದು ಅಂತಲ್ಲ, ಕಳೆಯುವ ಚಿಹ್ನೆ ಅಷ್ಟೇ.

ರೀಲ್ಸ್ ಬಿಡಲು ಆಗುತ್ತಿಲ್ಲ. ಅದಕ್ಕೂ ಈ ಪಾಠಕ್ಕೂ ಸಂಬಂಧ ಇದೆಯಾ?

ಇದೆ. ಪ್ರತಿ ಸಲವೂ ಬಹುಮಾನ ಸಿಕ್ಕರೆ ಬೇಗ ಬೇಜಾರಾಗುತ್ತದೆ. ಯಾವ ಸಲ ಸಿಗುತ್ತದೋ ಗೊತ್ತಿಲ್ಲದಿದ್ದರೆ ಬಿಡುವುದು ಕಷ್ಟ. ಅಮೆರಿಕದ ಮನೋವಿಜ್ಞಾನಿ ಸ್ಕಿನ್ನರ್ ಇದನ್ನು ಪಾರಿವಾಳ, ಇಲಿಗಳಲ್ಲಿ ತೋರಿಸಿದ. ಹತ್ತು ರೀಲ್ ತಳ್ಳಿದರೆ ಒಂದು ಇಷ್ಟವಾಗುತ್ತದೆ, ಅದು ಮೂರನೆಯದೋ ಒಂಬತ್ತನೆಯದೋ ತಿಳಿಯದು. ಇಸ್ಪೀಟು, ಓಸಿ ಆಡುವವರು ಏಳದೇ ಇರುವುದೂ ಇದಕ್ಕೇ. ಓದುವಾಗ ಫೋನನ್ನು ಬೇರೆ ಕೋಣೆಯಲ್ಲಿಡಿ.

ಹೇಗೆ ಓದಿದರೆ ನೆನಪಿರುತ್ತದೆ?

ಈ ವಿಷಯದ ಒಂದು ಭಾಗ್ಯವೆಂದರೆ ಇದರ ಪಾಠವೇ ಇದನ್ನು ಓದುವ ದಾರಿ ಹೇಳುತ್ತದೆ. ಜರ್ಮನಿಯ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಲೆಕ್ಕ ಇಟ್ಟು 1885ರಲ್ಲಿ ಪ್ರಕಟಿಸಿದ. ಒಂದೇ ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಜಾರಿತ್ತು. ಮರೆವು ಮೊದಲ ಗಂಟೆಗಳಲ್ಲೇ ಜೋರು, ಆಮೇಲೆ ನಿಧಾನ. ಆದ್ದರಿಂದ ಪಾಠ ಕೇಳಿದ ದಿನವೇ ಒಮ್ಮೆ ತಿರುವಿ ಹಾಕಿ.

ಇನ್ನೊಂದು 2006ರ ಪ್ರಯೋಗ, ರೋಡಿಗರ್ ಮತ್ತು ಕಾರ್ಪಿಕ್ ಅವರದು. ಒಂದು ಗುಂಪು ಪಾಠವನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದು, ಅವರಿಗೆ ಶೇಕಡಾ 81, ಮುಚ್ಚಿ ಬರೆದವರಿಗೆ 75. ಒಂದು ವಾರದ ನಂತರ ಲೆಕ್ಕ ತಿರುಗಿತು. ಮುಚ್ಚಿ ಬರೆದವರಿಗೆ 56, ಓದಿ ಓದಿ ಇಟ್ಟವರಿಗೆ 42. ನೀವು ರಾತ್ರಿಯಿಡೀ ಕೂತು ಗೆರೆ ಹಾಕಿ ಹಾಕಿ ಓದಿದಾಗ "ಎಲ್ಲ ಬಂತು" ಅನಿಸುತ್ತದಲ್ಲ, ಆ ಅನಿಸಿಕೆಯೇ ಮೋಸ.

ಚಿತ್ರದುರ್ಗದಿಂದ ದಿನಾ ಬಂದುಹೋಗುವವರಿಗೆ ಬಸ್ಸಿನಲ್ಲಿ ಒಂದು ಗಂಟೆ ಮೇಲೆ ಸಿಗುತ್ತದೆ. ಪುಸ್ತಕ ತೆಗೆಯಬೇಡಿ, ತಲೆ ಸುತ್ತುತ್ತದೆ. ಕಣ್ಣು ಮುಚ್ಚಿ ನಿನ್ನೆಯ ಪಾಠವನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ. ತಡವರಿಸಿದ ಜಾಗ ಭರಮಸಾಗರದ ಹೊತ್ತಿಗೆ ಗೊತ್ತಾಗಿರುತ್ತದೆ, ಇಳಿದ ಮೇಲೆ ಅದನ್ನಷ್ಟೇ ನೋಡಿ.

ಮನೆಯಲ್ಲೇ ಮಾಡಿ ನೋಡುವಂಥದ್ದು ಏನಾದರೂ ಇದೆಯಾ?

ಮನೆಯಲ್ಲಿ ನಾಲ್ಕೈದು ವರ್ಷದ ಮಗುವಿದ್ದರೆ ಇದೆ. ಒಂದೇ ಥರದ ಎರಡು ಲೋಟಕ್ಕೆ ಸಮಸಮ ಮಜ್ಜಿಗೆ ಹಾಕಿ, "ಎರಡರಲ್ಲೂ ಅಷ್ಟೇ ಇದೆಯಾ?" ಕೇಳಿ. ಹೌದು ಅನ್ನುತ್ತದೆ. ಮಗುವಿನ ಕಣ್ಣೆದುರೇ ಒಂದು ಲೋಟದ ಮಜ್ಜಿಗೆಯನ್ನು ಉದ್ದನೆಯ, ಸಣ್ಣ ಬಾಯಿಯ ಗ್ಲಾಸಿಗೆ ಬಗ್ಗಿಸಿ ಮತ್ತೆ ಕೇಳಿ. ನನ್ನ ವಿದ್ಯಾರ್ಥಿನಿಯ ತಂಗಿ ಉದ್ದ ಗ್ಲಾಸನ್ನೇ ಬಾಚಿಕೊಂಡು "ಇದರಾಗೆ ಜಾಸ್ತಿ ಐತಿ, ಇದು ನಂಗ" ಅಂದಳಂತೆ. ಸುರಿದದ್ದನ್ನು ನೋಡಿಯೂ ಹಾಗಂದಳು. ಏಳು ವರ್ಷದ ಆಸುಪಾಸಿನಲ್ಲಿ ಇದು ತಾನಾಗಿ ಸರಿಯಾಗುತ್ತದೆ. ಪಾತ್ರೆ ಬದಲಾದರೂ ಅಳತೆ ಬದಲಾಗದು ಎಂಬ ಈ ತಿಳಿವನ್ನು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಪಿಯಾಜೆ ಸಂರಕ್ಷಣೆಯ ಪರಿಕಲ್ಪನೆ ಎಂದ. ಮಗುವನ್ನು ಬೈಯಬೇಡಿ, ತಿದ್ದಲೂ ಹೋಗಬೇಡಿ.

ಮನುಷ್ಯರ ಮೇಲೆ ಪ್ರಯೋಗ ಮಾಡುವುದು ಸರಿಯಾ?

ಒಪ್ಪಿಗೆ ಇಲ್ಲದೆ ಸರಿಯಲ್ಲ. ಈ ವಿಷಯ ತಪ್ಪು ಮಾಡಿಯೇ ಇದನ್ನು ಕಲಿಯಿತು. 1920ರಲ್ಲಿ ವಾಟ್ಸನ್ ಮತ್ತು ರೇನರ್ ಒಂದು ಹಸುಳೆಗೆ ಬಿಳಿ ಇಲಿ ತೋರಿಸಿ, ಬೆನ್ನ ಹಿಂದೆ ಕಬ್ಬಿಣ ಬಡಿದು ಭಯ ಕಲಿಸಿದರು, ಆ ಭಯವನ್ನು ಹೋಗಲಾಡಿಸದೆ ಬಿಟ್ಟರು. ಅಮೆರಿಕದ ಮನೋವಿಜ್ಞಾನಿ ಮಿಲ್‌ಗ್ರಾಮ್‌ನ ಪ್ರಯೋಗದಲ್ಲಿ 40 ಜನರಲ್ಲಿ 26 ಮಂದಿ, ಅಧಿಕಾರಿಯಂತೆ ನಿಂತವನೊಬ್ಬ ಹೇಳಿದನೆಂದು, ಇನ್ನೊಬ್ಬನಿಗೆ 450 ವೋಲ್ಟ್ ಶಾಕ್ ಕೊಡುತ್ತಿದ್ದೇವೆಂದು ನಂಬಿ ಕೊನೆಯ ಗುಂಡಿಯವರೆಗೂ ಒತ್ತಿದರು. ಶಾಕ್ ನಿಜವಾಗಿ ಇರಲಿಲ್ಲ, ಒತ್ತಿದವರ ಸಂಕಟ ಮಾತ್ರ ನಿಜ. ಇವತ್ತು ಇಂಥವನ್ನು ಹಾಗೇ ಮಾಡಲು ಯಾವ ನೀತಿ ಸಮಿತಿಯೂ ಬಿಡುವುದಿಲ್ಲ. ನೀವೂ ನಿಮ್ಮ ಗೆಳತಿಯನ್ನು ಪ್ರಯೋಗಕ್ಕೆ ಕೂರಿಸುವ ಮೊದಲು ಕೇಳಿ, ಬೇಡವೆಂದರೆ ಬಿಡಿ. ಅವಳ ಅಂಕಿಯನ್ನು ಹಾಸ್ಟೆಲ್ ತುಂಬಾ ಹೇಳಿಕೊಂಡು ತಿರುಗಬೇಡಿ.

ಓದುತ್ತಾ ಓದುತ್ತಾ ಎಲ್ಲ ತೊಂದರೆಯೂ ನನಗೇ ಇದೆ ಅನಿಸುತ್ತದೆ.

ಬಹಳ ಜನಕ್ಕೆ ಅನಿಸುತ್ತದೆ. ಪಟ್ಟಿಯಲ್ಲಿರುವ ಲಕ್ಷಣಗಳು ಅಷ್ಟಿಷ್ಟು ಎಲ್ಲರಲ್ಲೂ ಇರುತ್ತವೆ. ಅವು ಎಷ್ಟು ದಿನದಿಂದ ಇವೆ, ದಿನದ ಕೆಲಸವನ್ನು ಎಷ್ಟು ಕೆಡಿಸುತ್ತಿವೆ ಎನ್ನುವುದು ಮುಖ್ಯ. ಪಠ್ಯ ಓದಿ ನಿಮಗೂ ಹೆಸರಿಟ್ಟುಕೊಳ್ಳಬೇಡಿ, ನಿಮ್ಮ ಅತ್ತಿಗೆಗೂ ಇಡಬೇಡಿ.

ಆದರೆ ನಿದ್ದೆ ಬಾರದೆ ವಾರಗಳೇ ಆಗಿದ್ದರೆ, ಬದುಕೇ ಬೇಡ ಅನಿಸುತ್ತಿದ್ದರೆ, ಅದು 'ಓದಿನ ಪ್ರಭಾವ' ಅಂತ ತಳ್ಳಿಹಾಕಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿದೆ. ನನ್ನ ಹತ್ತಿರ ಬಂದು ಹೇಳಿದರೂ ಜೊತೆಗೆ ಬರುತ್ತೇನೆ, ಎಷ್ಟೋ ಸಲ ಹೋಗಿದ್ದೇನೆ.

ಜಾತ್ರೆಯಲ್ಲಿ ಮೈಮೇಲೆ ದೇವರು ಬರುವುದನ್ನು ಸೈಕಾಲಜಿ ಕಾಯಿಲೆ ಅನ್ನುತ್ತಾ?

ಅನ್ನುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗವರ್ಗೀಕರಣವೂ ಒಂದು ಸಮುದಾಯ ತನ್ನ ಆಚರಣೆಯ ಭಾಗವೆಂದು ಒಪ್ಪಿಕೊಂಡ ಆವೇಶವನ್ನು ಕಾಯಿಲೆಯ ಪಟ್ಟಿಯಿಂದ ಹೊರಗಿಟ್ಟಿದೆ. ದುಗ್ಗಮ್ಮನ ಜಾತ್ರೆಯಲ್ಲಿ ಒಬ್ಬರಿಗೆ ಮೈತುಂಬಿ, ಸ್ವಲ್ಪ ಹೊತ್ತಿಗೆ ಇಳಿದು, ಮನೆಗೆ ಹೋಗಿ ರೊಟ್ಟಿ ತಟ್ಟುತ್ತಾರೆ. ಅದಕ್ಕೆ ನಾವು ಹೆಸರು ಹಚ್ಚಬೇಕಿಲ್ಲ. ಆದರೆ ಜಾತ್ರೆಯೂ ಇಲ್ಲ, ಪೂಜೆಯೂ ಇಲ್ಲ, ಹೊಸದಾಗಿ ಮದುವೆಯಾದವಳು ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುತ್ತಾಳೆ, ಅವಳಿಗೇ ಅದು ಬೇಡ, ಅದರಿಂದ ನರಳುತ್ತಾಳೆ ಎಂದರೆ ಚಿಕಿತ್ಸೆ ಬೇಕು. ಬೇವಿನ ಬರಲಿನಿಂದ ಹೊಡೆಯುವವರ ಹತ್ತಿರ ಕರೆದುಕೊಂಡು ಹೋಗುವುದನ್ನು ಮಾತ್ರ ಖಂಡಿತ ತಡೆಯಿರಿ.

ಅಪ್ಪ "ಹುಚ್ಚರ ಡಾಕ್ಟರ್ ಆಗ್ತೀಯಾ?" ಅಂತಾರೆ. ಏನು ಹೇಳಲಿ?

ಮೊದಲು ವ್ಯತ್ಯಾಸ ಹೇಳಿ. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮೇಲೆ ಮನೋವೈದ್ಯಶಾಸ್ತ್ರ ಓದಿದವರು, ಔಷಧಿ ಬರೆಯುತ್ತಾರೆ. ಮನೋವಿಜ್ಞಾನಿ ನಮ್ಮ ದಾರಿಯಲ್ಲಿ ಬಂದವರು, ಔಷಧಿ ಬರೆಯುವುದಿಲ್ಲ.

ಆಮೇಲೆ ಇದು ಹೊರಗಿನ ಸರಕಲ್ಲ ಎನ್ನುವುದನ್ನೂ ಹೇಳಿ. ವುಂಟ್ 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮನೋವಿಜ್ಞಾನದ ಮೊದಲ ಪ್ರಯೋಗಾಲಯ ತೆರೆದ. ಅದಾಗಿ 45 ವರ್ಷಕ್ಕೆ, 1924ರಲ್ಲಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ.ವಿ. ಗೋಪಾಲಸ್ವಾಮಿ ಮನೋವಿಜ್ಞಾನ ವಿಭಾಗ ಕಟ್ಟಿದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ಶುರು ಮಾಡಿದವರೂ ಅವರೇ, ಅದೇ ಆಕಾಶವಾಣಿ. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಬೆಂಗಳೂರಿನಲ್ಲಿದೆ. ಮಾನಸಿಕ ಆರೋಗ್ಯ ಸೇವೆಯನ್ನು ಜಿಲ್ಲಾ ಮಟ್ಟಕ್ಕೆ ಒಯ್ಯಬಹುದೇ ಎಂದು ನಿಮ್ಹಾನ್ಸ್ 1980ರ ದಶಕದಲ್ಲಿ ಪರೀಕ್ಷಿಸಿದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲಿ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಒಬ್ಬ ಅಪ್ಪ ಇದನ್ನು ಕೇಳಿ "ಬಳ್ಳಾರ್ಯಾಗಾ?" ಅಂತ ಎರಡು ಸಲ ಕೇಳಿ, ಫಾರ್ಮಿಗೆ ಸಹಿ ಹಾಕಿದರು.

ಕೆಲಸ ಸಿಗುತ್ತಾ?

ಬಿ.ಎ. ಸೈಕಾಲಜಿ ಒಂದರಿಂದಲೇ ಯಾರೂ ಕೌನ್ಸೆಲರ್ ಆಗುವುದಿಲ್ಲ. ಇದನ್ನು ಮುಚ್ಚಿಟ್ಟು ಸೀಟು ತುಂಬಿಸಲು ನನಗೆ ಮನಸ್ಸಿಲ್ಲ. ಎಂ.ಎ. ಅಥವಾ ಎಂ.ಎಸ್ಸಿ. ಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಅದರ ಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯಿರುವ ತರಬೇತಿ ಮುಗಿಸಿ, ಹೆಸರು ನೋಂದಾಯಿಸಬೇಕು. ಬಿ.ಎಡ್., ಸಮಾಜಕಾರ್ಯ, ಕಂಪನಿಗಳ ಎಚ್.ಆರ್., ವಿಶೇಷ ಶಿಕ್ಷಣ, ಸ್ಪರ್ಧಾತ್ಮಕ ಪರೀಕ್ಷೆ, ಈ ದಾರಿಗಳಲ್ಲಿ ಹೋಗುವವರಿಗೆ ಮೊದಲ ವರ್ಷದ ಪಾಠವೇ ಸಾಕಷ್ಟು ಕೈಹಿಡಿಯುತ್ತದೆ.

"ಹದಿನೈದು ದಿನದಲ್ಲಿ ಸರ್ಟಿಫೈಡ್ ಕೌನ್ಸೆಲರ್" ಎಂಬ ಜಾಹೀರಾತು ನೋಡಿ ನನ್ನ ವಿದ್ಯಾರ್ಥಿಯೊಬ್ಬ ಅಪ್ಪನ ಹತ್ತಿರ ಹಣ ಇಸಿದುಕೊಂಡು ಕಟ್ಟಿದ. ಬಂದದ್ದು ಬಣ್ಣದ ಕಾಗದ, ಅದನ್ನು ಯಾವ ಆಸ್ಪತ್ರೆಯೂ ಮುಟ್ಟಿ ನೋಡಲಿಲ್ಲ. ದುಡ್ಡು ಕಟ್ಟುವ ಮೊದಲು ಯಾವ ಪರಿಷತ್ತಿನ ಮಾನ್ಯತೆ ಇದೆ ಎಂದು ಕೇಳಿ, ಪರಿಷತ್ತಿನ ಜಾಲತಾಣದ ಪಟ್ಟಿಯಲ್ಲಿ ಹೆಸರು ಹುಡುಕಿ ನೋಡಿ.

ಫ್ರಾಯ್ಡ್ ಬಗ್ಗೆ ಎಷ್ಟು ಇರುತ್ತೆ?

ಒಂದು ಅಧ್ಯಾಯದ ಭಾಗ. ಮನೋವಿಶ್ಲೇಷಣೆ ಹುಟ್ಟುಹಾಕಿದ ವಿಯೆನ್ನಾದ ವೈದ್ಯ ಆತ. ಹೇಳಿದ್ದರಲ್ಲಿ ಬಹಳಷ್ಟನ್ನು ಇವತ್ತಿನ ಸಂಶೋಧನೆ ಒಪ್ಪುವುದಿಲ್ಲ. ಆದರೂ ಓದಲೇಬೇಕು, ಮಾತಾಡಿಸಿ ವಾಸಿ ಮಾಡುವ ಚಿಕಿತ್ಸೆ ಬೆಳೆದದ್ದು ಆತನ ದಾರಿಯಿಂದ.

ಮೊದಲ ದಿನ ಏನು ತರಬೇಕು?

200 ಪುಟದ ಒಂದು ನೋಟ್‌ಬುಕ್, ಮೂರು ಭಾಗಕ್ಕೆ ಗೆರೆ ಹಾಕಿಕೊಂಡು. ಮೊನೆ ಮಾಡಿದ ಎರಡು ಪೆನ್ಸಿಲ್, ಒಂದು ಸ್ಕೇಲ್, ನಾಲ್ಕು ಗ್ರಾಫ್ ಹಾಳೆ. ರೆಕಾರ್ಡ್ ಪುಸ್ತಕ ಆಗಲೇ ಕೊಳ್ಳಬೇಡಿ, ಯಾವುದೆಂದು ಕ್ಲಾಸಿನಲ್ಲಿ ಹೇಳುತ್ತೇವೆ. ಸೀನಿಯರ್ ರೆಕಾರ್ಡ್ ಮನೆಯಲ್ಲೇ ಬಿಟ್ಟು ಬನ್ನಿ.